ಅಪ್ಪ ಹಾಕಿದ ಕುರ್ಚಿ

ಷಿಕಾಗೊ, ಸೋಮವಾರ
೧೮ ಮಾರ್ಚ್ ೧೯೭೪

ಪ್ರೀತಿಯ ಓಝೆಲ್ ಅಣ್ಣಾ,

ಮೊಣಕಾಲು ಹೇಗಿದೆ? ಓಕ್ಲೆಂಡಿನ ಬಂದರಿನಲ್ಲಿ ಇನ್ನೂ ಮೂಟೆ ಹೊರುತ್ತಿದ್ದೀಯಾ? ಸ್ಯಾಕ್ಸೊಫೋನಿಗೆ ವಾರಕ್ಕೊಮ್ಮೆಯಾದರೂ ಉಸಿರು ಕೊಡುತ್ತಿದ್ದೀ ಎಂದುಕೊಂಡಿದ್ದೇನೆ. ನನ್ನ ಕ್ಷೇಮ ಕೇಳಬೇಡ, ನಿನ್ನೆಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ!

ನಿನ್ನೆ ಮಧ್ಯಾಹ್ನ ಶಾಲೆಯ ಸಭಾಂಗಣದಲ್ಲಿ ನನ್ನ ಏಳನೆಯ ಗೀತನಾಟಕ 'ಮಾರ್ಥಾಳ ಅಡುಗೆಮನೆ' ಆಡಿದೆವು. ಚರ್ಚಿನ ಪಿಯಾನೊ ಬಿಟ್ಟು ಬಂದವಳು ನನ್ನ ಕೇಶಾಲಂಕಾರದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಿರಾಕಿಗಳಿಗೇ ಪಾತ್ರ ಹಂಚಿದೆ (ಜುಟ್ಟು ನನ್ನ ಕೈಯಲ್ಲಿರುವಾಗ ಒಲ್ಲೆ ಎಂದವರು ಒಬ್ಬರೂ ಇಲ್ಲ). ಹತ್ತೊಂಬತ್ತು ವರ್ಷ, ಏಳು ನಾಟಕ. ಹಿಂದಿನ ಆರರಲ್ಲಿ ಒಂದನ್ನೂ ಅಪ್ಪ ನೋಡಿರಲಿಲ್ಲ. ನೀನು ಕ್ಲಬ್ಬಿನಲ್ಲಿ ನುಡಿಸಿದೆ ಎಂದು ನಿನಗೆ ಮನೆಬಾಗಿಲು ಮುಚ್ಚಿದವರು, "ದೇವರ ಹಾಡಿಗೂ ಟಿಕೆಟ್ಟಾ?" ಎಂದು ನನಗೆ ಕಿವಿ ಮುಚ್ಚಿದರು.

ನಿನ್ನೆ ಪೇಟೆಯ ದೊಡ್ಡ ರಂಗಮಂದಿರದ ಮ್ಯಾನೇಜರ್ ಸ್ಟೆರೆಟ್ ಕೂಡ ಬಂದಿದ್ದ. ಅವನು ಒಪ್ಪಿದರೆ ಏಪ್ರಿಲ್ ಆರರ ಶನಿವಾರ ಅಲ್ಲಿ ಪ್ರದರ್ಶನ. ಆದರೆ ತಾಲೀಮು ನೋಡಿದಾಗಲೇ ಅವನದು ಒಂದೇ ಹಟ: "ಎರಡನೇ ಅಂಕದ ಕೊನೇಲಿ ಪಾಸ್ಟರ್ ಕರೆಯೋದಿದೆಯಲ್ಲ, ಅದನ್ನ ಕತ್ತರಿಸಿ ಮೇಡಂ. ನಾಟಕ ಅಲ್ಲೇ ನಿದ್ದೆ ಹೋಗುತ್ತೆ." ಪಾಸ್ಟರ್ ಎರಡೂ ಕೈ ಚಾಚಿ, "ಚರ್ಚಿನ ಬಾಗಿಲು ತೆರೆದಿದೆ, ಬರುವವರು ಬನ್ನಿ" ಎಂದು, ದೇವರ ಕಡೆ ಮನಸ್ಸು ತಿರುಗಿದವರನ್ನು ಮುಂದಕ್ಕೆ ಕರೆಯುವ ಜಾಗ ಅದು. ಆ ಒಂದು ಕರೆಗಾಗಿಯೇ ಇಡೀ ನಾಟಕ ಬರೆದವಳು ನಾನು. ನಿನ್ನೆ ಹಾಗೇ ಇಟ್ಟೆ. ಮೊದಲ ಅಂಕದಲ್ಲೇ ಸ್ಟೆರೆಟ್ ಏಳು ಸಲ ಕೈಗಡಿಯಾರ ನೋಡಿದ. ಪಿಯಾನೊ ಮುಂದೆ ಕೂತೇ ಎಣಿಸಿದೆ.

ಕರೆ ಬಂತು. ಮಾರ್ಥಾಳ ಪಾತ್ರದವಳು ಏಳಬೇಕು. ಅವಳು ಏಳುವ ಮೊದಲೇ ಪ್ರೇಕ್ಷಕರ ಮೂರನೆಯ ಸಾಲಿನಿಂದ ಹಸಿರು ಟೋಪಿಯ ಹೆಂಗಸೊಬ್ಬಳು ಎದ್ದು ಅಳುತ್ತ ನಡೆದೇಬಿಟ್ಟಳು, ನಿಜವಾಗಿ! ನಮ್ಮ ನಾಟಕದ ಪಾಸ್ಟರ್ ಯಾರು ಗೊತ್ತೇ? ಅಂಚೆ ಹಂಚುವ ಲೆವಾಂಡರ್. ಅವಳ ಕೈ ಹಿಡಿದವನು ನನ್ನ ಕಡೆ ತಿರುಗಿ, "ಕ್ಲಿಯೋಥಾ, ಇದು ಬರೆದಿಲ್ವಲ್ಲೇ!" ಎಂದು ಪಿಸುಗುಟ್ಟಿದ. ನಾನು ಅದೇ ನಾಲ್ಕು ಸಾಲನ್ನು ಮತ್ತೆ ಮತ್ತೆ ನುಡಿಸಿದೆ. ಅವಳು ನಿಂತೇ ಇದ್ದಳು, ಕೂರಲು ಏನೂ ಇರಲಿಲ್ಲ.

ಆಗ ಹಿಂದಿನ ಕಂಬದ ಮರೆಯಿಂದ ಮಡಿಸುವ ಕುರ್ಚಿ ಎತ್ತಿಕೊಂಡು ಯಾರು ಬಂದರು ಹೇಳು! ಅಪ್ಪ! ನಲವತ್ತು ವರ್ಷ ಚರ್ಚಿನ ಹಿರಿಯರಾಗಿ ಪ್ರತಿ ಭಾನುವಾರ, ಕರೆಗೆ ಬಂದವರಿಗೆ ಕುರ್ಚಿ ಹಾಕಿದ ಅದೇ ಕೈ. ಬಿಡಿಸಿ, ಕರವಸ್ತ್ರದಲ್ಲಿ ಒರೆಸಿ, "ಕೂತ್ಕೋ ತಾಯಿ" ಎಂದು ಅವಳನ್ನು ಕೂರಿಸಿದರು. ಆಮೇಲೆ ನನ್ನ ಬಳಿ ಬಗ್ಗಿ: "ಬಾಗಿಲು ತೆರೆದಿದೆ ಅಂತೀಯ, ಬಂದೋರು ಎಲ್ಲಿ ಕೂರಬೇಕೇ ಹುಡುಗಿ? ಹತ್ತೊಂಬತ್ತು ವರ್ಷ ಇದನ್ನೇ ಕಲಿತಿದ್ದಾ?" ನನಗೆ ನಲವತ್ನಾಲ್ಕು, ಅಣ್ಣಾ. ಕಣ್ಣೊರೆಸಲು ಕೈ ಬಿಡುವಿರಲಿಲ್ಲ.

ಹನ್ನೊಂದು ನಿಮಿಷ ಹೆಚ್ಚಾಯಿತು. ಆ ಹನ್ನೊಂದರಲ್ಲಿ ಸ್ಟೆರೆಟ್ ಗಡಿಯಾರ ನೋಡಿದ್ದು ಸೊನ್ನೆ ಸಲ! ಹೊರಡುವಾಗ, "ಕತ್ತರಿಸಬೇಡಿ. ಆ ಮುದುಕರನ್ನೂ ಕರ್ಕೊಂಡು ಬನ್ನಿ" ಎಂದ. ಅಪ್ಪನಿಗೆ ಹೇಳಿದರೆ, "ನಾನು ವೇಷ ಹಾಕೋನಲ್ಲ. ಕುರ್ಚಿ ಮಾತ್ರ ಹಾಕ್ತೀನಿ" ಎಂದು ಮೀಸೆಯಲ್ಲೇ ನಕ್ಕರು.

ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು. ದೇವರು ನಿನ್ನ ಉಸಿರು ಗಟ್ಟಿಯಾಗಿಟ್ಟಿರಲಿ.

ನಿನ್ನ ಗದ್ದಲದ ತಂಗಿ,
ಕ್ಲಿಯೋಥಾ

ಅಂಚೆಗೆ ಹೊತ್ತಾಯಿತು, ಆದರೂ ಇದನ್ನು ಬರೆಯದೆ ಲಕೋಟೆ ಅಂಟಿಸಲಾರೆ. ಏಪ್ರಿಲ್ ಆರರ ಶನಿವಾರಕ್ಕೆ ಬಾ, ಸ್ಯಾಕ್ಸೊಫೋನ್ ಸಮೇತ. ಅಪ್ಪ ತಂದದ್ದು ಒಂದು ಕುರ್ಚಿಯಲ್ಲ, ಎರಡು. ಎರಡನೆಯದು ಕೊನೆಯವರೆಗೂ ಖಾಲಿ ಇತ್ತು. ಎಲ್ಲ ಮುಗಿದ ಮೇಲೆ ಮಡಿಸಲು ಹೋದೆ, ಕೈ ತಡೆದರು. "ಇರಲಿ ಬಿಡು. ಓಝೆಲ್ ಯಾವತ್ತೂ ತಡವಾಗೇ ಬರೋದು."