ಮದುವೆ ಅಡುಗೆಗೆ ಎರಡು ದಿನದ ಪರವಾನಗಿ

ಸ್ಟೇಷನ್ ರಸ್ತೆ, ರಾಯಚೂರು
ಸೋಮವಾರ, 21 ನವೆಂಬರ್ 1983

ಮಗಳು ಗೋಪಮ್ಮನಿಗೆ,

ಹೇಗಿದ್ದೀಯವ್ವಾ? ಅಳಿಯ ಹಂಪಣ್ಣ ಹೇಗಿದ್ದಾನೆ? ಕೂಸಿಗೆ ಕೆಮ್ಮು ಅಂತ ಬರೆದಿದ್ದೆಯಲ್ಲ, ಕಡಿಮೆಯಾಯಿತಾ? ಅಜವಾನ ಹುರಿದು ಬಟ್ಟೆಯಲ್ಲಿ ಕಟ್ಟಿ ಎದೆಗೆ ಶಾಖ ಕೊಡು. ಬಟ್ಟೆ ಎಷ್ಟು ಬಿಸಿ ಇದೆ ಅಂತ ಮೊದಲು ನಿನ್ನ ಕೆನ್ನೆಗೆ ಹಿಡಿದು ನೋಡು, ಆಮೇಲೆ ಅವನಿಗೆ. ನೀನೂ ಶಾಲೆಯಲ್ಲಿ ಕೂಗಿ ಕೂಗಿ ಗಂಟಲು ಕೆಡಿಸಿಕೊಳ್ಳಬೇಡ. ಟೀಚರು ಮೆಲ್ಲಗೆ ಮಾತಾಡಿದರೂ ಕಲ್ಲೂರಿನ ಮಕ್ಕಳಿಗೆ ಮಗ್ಗಿ ಬರುತ್ತದೆ. ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದೆ. ಅದೊಂದು ಮಾತ್ರ ಯಾರ ಪರವಾನಗಿಯೂ ಇಲ್ಲದೆ ನನ್ನ ಜೊತೆ ಆರಾಮವಾಗಿ ಓಡಾಡಿಕೊಂಡಿದೆ.

ಯಾವಾಗಲೂ ‘ನಿನ್ನ ಕಾಕ’ ಎಂದು ಬರೆಯುವವನು ಈ ಸಲ ಮಗಳು ಅಂತ ಶುರು ಮಾಡಿದ್ದನ್ನು ಕಂಡು ಗಾಬರಿಯಾಗಬೇಡ. ಈ ಕಾಗದ ಅಂಚೆಯಲ್ಲಿ ಬರುವುದಿಲ್ಲ. ನಮ್ಮ ಹೋಟೆಲಿನ ಮಾಲೀಕರು ಮೌಲಾಹುಸೇನ ಸಾಹೇಬರು ಮಧ್ಯಾಹ್ನದ ಬಸ್ಸಿಗೆ ಮಾನ್ವಿಗೆ ಹೊರಟಿದ್ದಾರೆ, ಕಲ್ಲೂರಿನಲ್ಲಿ ಇಳಿದು ನಿನ್ನ ಕೈಯಲ್ಲೇ ಕೊಡುತ್ತಾರೆ. ಓದಿದ ಮೇಲೆ ಒಲೆಗೆ ಹಾಕು.

ನನಗೆ ನೋಟೀಸು ಬಂದ ಸುದ್ದಿ ಅವರ ಬಾಯಿಂದಲೇ ನಿನಗೆ ತಿಳಿದದ್ದು. ಈ ತಿಂಗಳ ಮೂವತ್ತರೊಳಗೆ ದೇಶ ಬಿಡಬೇಕು ಅಂತ ಇದೆ. ನೀನು ಕೂಡಲೇ ಕಾಗದ ಬರೆದೆ. ಗುರುವಾರ ರಜೆ ಹಾಕಿ ರಾಯಚೂರಿಗೆ ಬರುತ್ತೇನೆ, ಇವನು ನನ್ನ ಹೆತ್ತ ಅಪ್ಪ ಎಂದು ಛಾಪಾ ಕಾಗದದ ಮೇಲೆ ಎಸ್ಪಿ ಆಫೀಸಿನಲ್ಲಿ ಬರೆದುಕೊಡುತ್ತೇನೆ, ಸರ್ಕಾರಿ ಶಾಲೆ ಟೀಚರಮ್ಮನ ಅಪ್ಪನನ್ನು ಯಾರು ಪಾಕಿಸ್ತಾನಕ್ಕೆ ಕಳಿಸುತ್ತಾರೋ ನೋಡಿಯೇಬಿಡುತ್ತೇನೆ ಎಂದಿದ್ದೀ. ಮೂರು ಸಲ ಓದಿದೆ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಸಿಟ್ಟಿನಲ್ಲಿ ನೀನು ಥೇಟು ನಿಮ್ಮವ್ವ. ಆದರೆ ಗುರುವಾರ ಬರಬೇಡ. ಗುರುವಾರ ಅಂತಲ್ಲ, ಯಾವ ವಾರವೂ ಬರಬೇಡ. ಯಾಕೆ ಅಂತ ಹೇಳಲು ಈ ಕಾಗದ.

ನಾನು ಮಟಮಾರಿಯಲ್ಲಿ ಹುಟ್ಟಿದವನು, ಅದು ನಿನಗೆ ಗೊತ್ತು. ಹದಿನಾರನೇ ವಯಸ್ಸಿನಲ್ಲಿ, ನಿಜಾಮರ ಕಾಲ ಮುಗಿದ ಮರುವರ್ಷ, ನಾನು ಕೆಲಸಕ್ಕಿದ್ದ ಗುಲ್ಶನ್ ಬೇಗಂ ಅವರ ಮನೆಯವರು ಕರಾಚಿಗೆ ಹೊರಟಾಗ ಅವರ ಅಡುಗೆಮನೆಯ ಪಾತ್ರೆಗಳ ಜೊತೆ ನಾನೂ ಹೋದೆ. ನೀವು ಯಾವ ದೇಶದವರು ಅಂತ ಪಾತ್ರೆಗಳನ್ನು ಯಾರೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ನಿಮ್ಮವ್ವ ಮಾನಮ್ಮನೂ ಅವರ ಜೊತೆ ಹೋದವಳು, ಅದೇ ಮನೆಯಲ್ಲಿ ಕಸಮುಸುರೆ ಮಾಡುತ್ತಿದ್ದಳು. ಅಲ್ಲೇ ಲಗ್ನವಾಯಿತು. ಅರವತ್ತೊಂದರಲ್ಲಿ ನನ್ನ ಅವ್ವ ಸಾಯುವಂತಾಗಿದ್ದಾಳೆ ಅಂತ ಕಾಗದ ಬಂತು. ಪಾಸ್‌ಪೋರ್ಟ್ ಇಲ್ಲದೆ ಗಡಿ ದಾಟಲು ಬಿಡುವುದಿಲ್ಲ ಎಂದರು. ಹೊರಡುವ ಊರಲ್ಲಿ ಟಿಕೀಟು ತೆಗೆಸಿದ ಹಾಗೆ ಇದೂ ಒಂದು, ರಾಯಚೂರಲ್ಲಿ ಇಳಿದು ಗೇಟಿನಲ್ಲಿ ಕೊಟ್ಟು ಹೊರಗೆ ಬಂದರೆ ಮುಗಿಯಿತು ಅಂದುಕೊಂಡೆ. ಹೆಬ್ಬೆಟ್ಟು ಒತ್ತಲಿಲ್ಲ, ದುಂಡಗೆ ಸಹಿ ಹಾಕಿದೆ. ಮಿಷನ್ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಓದಿದ ಜಂಬ ನನಗೆ. ಇಪ್ಪತ್ತೆರಡು ವರ್ಷವಾಯಿತು, ಆ ಟಿಕೀಟನ್ನು ಇಸಿದುಕೊಳ್ಳುವ ಗೇಟು ಎಲ್ಲಿದೆಯೋ ಗೊತ್ತಾಗಲಿಲ್ಲ. ಇಲ್ಲಿಯವನಾಗಬೇಕು ಅಂತ ಅರ್ಜಿ ಹಾಕಿದಾಗಲೆಲ್ಲ ಮೊದಲು ಅಲ್ಲಿಯ ಪಾಸ್‌ಪೋರ್ಟ್ ಹೊಸದು ಮಾಡಿಸಿಕೊಂಡು ಬಾ ಅನ್ನುತ್ತಾರೆ. ಅದನ್ನು ಹೊಸದು ಮಾಡಿಸಬೇಕಾದರೆ ನಾನು ಅಲ್ಲಿಯವನೇ ಎಂದು ಬರೆದುಕೊಡಬೇಕು. ಬರೆದುಕೊಟ್ಟೆ. ಪ್ರತಿ ತಿಂಗಳು ಒಂದನೇ ತಾರೀಖು ಠಾಣೆಯಲ್ಲಿ ಸಹಿ, ರಾಯಚೂರು ಊರು ಬಿಟ್ಟು ಹೋಗುವಂತಿಲ್ಲ. ಮಟಮಾರಿಗೆ ಹೋಗಬೇಕಾದರೂ ಅರ್ಜಿ.

ಇಷ್ಟೂ ನಿನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಈಗ ಹೇಳುತ್ತೇನೆ. ದುರುಗಮ್ಮ ದೊಡ್ಡವ್ವನಿಗೆ ಮಕ್ಕಳಿರಲಿಲ್ಲ, ಅದಕ್ಕೇ ನಿನ್ನನ್ನು ಅಕ್ಕನ ಮಡಿಲಿಗೆ ಹಾಕಿದೆ ಎಂದು ಮಾನಮ್ಮ ಸಾಯುವ ಮುಂಚೆ ನಿನಗೆ ಹೇಳಿದಳಲ್ಲ, ಅದು ಅರ್ಧ ಮಾತು. ನೀನು ಹುಟ್ಟಿದ್ದು ದೊಡ್ಡವ್ವನ ಊರು ಮಸರಕಲ್ಲಿನಲ್ಲಿ ಅಲ್ಲ, ಕರಾಚಿಯಲ್ಲಿ. ನನ್ನ ಪಾಸ್‌ಪೋರ್ಟಿನ ಒಳಗೆ ‘ಮುನ್ನಿ, ಹೆಣ್ಣು, ಒಂದು ವರ್ಷ’ ಎಂದು ಬರೆದಿದೆ. ಬೇಗಂ ಅವರ ಮನೆಯಲ್ಲಿ ನಿನ್ನನ್ನು ಹಾಗೆ ಕರೆಯುತ್ತಿದ್ದರು. ಆ ಮುನ್ನಿ ನೀನೇ.

ಅರವತ್ತೈದರಲ್ಲಿ ಯುದ್ಧ ಶುರುವಾದಾಗ ಇಂಥ ಪಾಸ್‌ಪೋರ್ಟ್ ಇದ್ದವರನ್ನೆಲ್ಲ ಹೆಂಡಿರು ಮಕ್ಕಳ ಸಮೇತ ಹಿಡಿದು ಕೂಡಿಹಾಕುತ್ತಾರೆ ಅಂತ ಸುದ್ದಿ ಹಬ್ಬಿತು. ನಿನ್ನನ್ನು ಮಸರಕಲ್ಲಿಗೆ ಕಳಿಸಿಬಿಟ್ಟೆವು. ದೊಡ್ಡಪ್ಪ ತಾಯಣ್ಣ ನಿನ್ನನ್ನು ತನ್ನ ಮಗಳು ಎಂದು ಶಾಲೆಗೆ ಸೇರಿಸಿದ. ಹೆಡ್‌ಮಾಸ್ತರರು ಜೂನ್ ಒಂದು ಅಂತ ಬರೆದುಕೊಂಡರು. ಆ ಊರಿನ ಅರ್ಧ ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದವರು, ಯಾರಿಗೂ ಅನುಮಾನ ಬರಲಿಲ್ಲ. ಮೂರು ದಿನ ಬಿಟ್ಟು ಠಾಣೆಯ ಜಮಾದಾರ ನಮ್ಮ ಮನೆಗೆ ಬಂದ. “ಮುನ್ನಿ ಎಲ್ಲದಾಳ?” ಅಂದ. “ವಾಂತಿಭೇದಿಯಾಗಿ ತೀರಿಕೊಂಡಳ್ರಿ, ರಾತ್ರಿನೇ ಮಣ್ಣು ಮಾಡಿದ್ವಿ” ಅಂದೆ. ಬರೆದುಕೊಂಡ. ಕೆಳಗೆ ಸಹಿ ಹಾಕು ಅಂದ. ಅದಕ್ಕೂ ದುಂಡಗೆ ಸಹಿ ಹಾಕಿದೆ.

ಜಮಾದಾರ ಹೋಗುವಾಗ ಓಣಿಯಲ್ಲಿ ಹೇಳಿಕೊಂಡು ಹೋಗಿದ್ದಾನೆ. ಸಂಜೆಯೊಳಗೆ ಓಣಿಯವರೆಲ್ಲ ಬಂದರು. ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದು ಅಂತ ಪಕ್ಕದ ಮನೆಯ ಮುನವ್ವರ್ ಬೀ ಜೋಳದ ರೊಟ್ಟಿ, ಬೇಳೆ ಮಾಡಿಕೊಂಡು ತಂದರು. “ಕೂಸು ಹೋತು ಅಂತ ನೀವು ಉಪವಾಸ ಇರಬ್ಯಾಡ್ರಿ, ಒಂದು ತುತ್ತರ ತಿನ್ರಿ” ಎಂದು ಎದುರಿಗೇ ಕೂತು ಬಡಿಸಿದರು. ನೀನು ಆ ಹೊತ್ತಿಗೆ ಮಸರಕಲ್ಲಿನಲ್ಲಿ ಉಂಡು ಮಲಗಿರುತ್ತೀ. ನಾವು ನಿನ್ನ ಸಾವಿನ ಊಟ ಉಂಡೆವು. ಮೂರು ದಿನ ತಂದುಕೊಟ್ಟರು, ಮೂರು ದಿನವೂ ಉಂಡೆವು. ನನಗೆ ಹಸಿವೂ ಆಗಿತ್ತು. ಮಾನಮ್ಮ ಮಾತ್ರ ಆಮೇಲೆ ಸಾಯುವವರೆಗೂ ಬೇರೆಯವರ ಮನೆಯ ಬೇಳೆ ಮುಟ್ಟಲಿಲ್ಲ. ಯಾಕೆ ಅಂತ ನಿನಗೆ ಯಾವತ್ತೂ ಹೇಳಲಿಲ್ಲ.

ಈಗ ಹೇಳು, ನೀನು ಗುರುವಾರ ಬಂದು ಇವನು ನನ್ನ ಅಪ್ಪ ಎಂದು ಬರೆದುಕೊಟ್ಟರೆ ಏನಾಗುತ್ತದೆ? ಸತ್ತ ಮುನ್ನಿ ಎದ್ದು ಕೂರುತ್ತಾಳೆ. ಆಮೇಲೆ ನೋಟೀಸು ನಿನಗೂ ಬರುತ್ತದೆ. ನೌಕರಿ ಹೋಗುತ್ತದೆ, ಸುಳ್ಳು ಬರೆಸಿದ ತಾಯಣ್ಣನನ್ನು ಮುದಿ ವಯಸ್ಸಿನಲ್ಲಿ ಠಾಣೆಗೆ ಎಳೆಯುತ್ತಾರೆ, ಹಂಪಣ್ಣ ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಆಫೀಸಿನಿಂದ ಆಫೀಸಿಗೆ ಅಲೆಯುತ್ತಾನೆ. ನಾನು ಒಬ್ಬನೇ ಅಲೆದದ್ದು ಸಾಕು.

ಹೋದ ವಾರ ಎಸ್ಪಿ ಆಫೀಸಿನ ದೊಡ್ಡ ಸಾಹೇಬರು ಕರೆಸಿದ್ದರು. ಒಳ್ಳೆಯ ಮನುಷ್ಯ, ಕೂರಲು ಹೇಳಿದರು. “ಇಲ್ಲಿ ನಿನ್ನವರು ಅಂತ ಯಾರರ ಅದಾರೇನಪ್ಪ? ಒಬ್ಬರಿದ್ರೂ ಹೇಳು, ಮ್ಯಾಲೆ ಬರದು ನೋಡ್ತೀನಿ” ಎಂದರು. “ಯಾರೂ ಇಲ್ರಿ ಸಾಹೇಬ್ರ” ಅಂದೆ. ಮತ್ತೊಮ್ಮೆ ಕೇಳಿದರು. ಮತ್ತೊಮ್ಮೆ ಅದನ್ನೇ ಹೇಳಿದೆ. ಹೊರಗೆ ಬಂದು ಚಹಾ ಕುಡಿದೆ. ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಈಗಲೂ ಬಂದಿಲ್ಲ. ಕಾಲು ಜೋಮು ಹಿಡಿದಾಗ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಮೈಯೆಲ್ಲ ಹಾಗಾಗಿದೆ.

ನಿನ್ನ ಮದುವೆಯ ದಿನವೊಂದು ನೆನಪಾಗುತ್ತದೆ. ಮಗಳ ಮದುವೆ ಎಂದು ಅರ್ಜಿ ಬರೆಯುವಂತಿರಲಿಲ್ಲ. ಹೆಂಡತಿಯ ಅಕ್ಕನ ಮಗಳು ಅಂದರೂ ಎಳೆ ಹಿಡಿದು ಬಿಚ್ಚುತ್ತಾ ಮಸರಕಲ್ಲಿಗೇ ಹೋಗುತ್ತಾರೆ. ಅದಕ್ಕೆ ‘ದೇವದುರ್ಗ ತಾಲ್ಲೂಕಿನಲ್ಲಿ ಮದುವೆ ಅಡುಗೆ ಕೆಲಸ ಸಿಕ್ಕಿದೆ’ ಎಂದು ಬರೆದು ಎರಡು ದಿನದ ಪರವಾನಗಿ ಪಡೆದೆ. ಬಂದು ಅಡುಗೆಯನ್ನೇ ಮಾಡಿದೆ. ಹೆಣ್ಣಿನ ತಂದೆ ಯಾರು, ಮುಂದೆ ಬರ್ರಿ ಎಂದು ಚಪ್ಪರದಲ್ಲಿ ಕೂಗಿದರು. ನಾನು ಒಲೆಯ ಮುಂದಿನಿಂದ ಎದ್ದು ನಿಂತುಬಿಟ್ಟಿದ್ದೆ. ತಾಯಣ್ಣ ಹೋದ. ಎದ್ದು ನಿಂತವನು ಏನಾದರೂ ಮಾಡಬೇಕಲ್ಲ, ಒಂದು ಹಿಡಿ ಉಪ್ಪು ತೆಗೆದು ಬೇಳೆಗೆ ಹಾಕಿದೆ. ಮೊದಲೇ ಹಾಕಿದ್ದೆ. ಬೀಗರು ಬೈದದ್ದು ನಿನಗೂ ಕೇಳಿಸಿರಬೇಕು.

ಇಪ್ಪತ್ತೆಂಟಕ್ಕೆ ಗಾಡಿ ಹತ್ತುತ್ತೇನೆ. ದೆಹಲಿ, ಆಮೇಲೆ ಗಡಿ. ಕರಾಚಿಯಲ್ಲಿ ಬೇಗಂ ಅವರು ಈಗಿಲ್ಲ. ಆದರೆ ಹೋಟೆಲುಗಳಿದ್ದಾವೆ, ನನ್ನ ಕೈಗೆ ಕೆಲಸ ಸಿಗುತ್ತದೆ. ಜೂನ್‌ನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ಕೂಸನ್ನು ಎತ್ತಿಕೊಂಡೆನಲ್ಲ, ಅದು ಸಾಕು. ಅವನಿಗೆ ನನ್ನ ಆಯುಷ್ಯವೂ ಸೇರಿ ಬರಲಿ. ಹಂಪಣ್ಣನಿಗೆ, ತಾಯಣ್ಣ ದುರುಗಮ್ಮರಿಗೆ ನನ್ನ ಶರಣು ಹೇಳು. ನೀನು ತಣ್ಣಗಿರು.

ನಿನ್ನ ಅಪ್ಪ
ಸುಂಕಪ್ಪ

ತಾ.ಕ.: ಮೌಲಾಹುಸೇನ ಸಾಹೇಬರು ಬಸ್ಸಿಗೆ ಹೊತ್ತಾಯಿತು ಅಂತ ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಬೆಳಿಗ್ಗೆ ಜಮಾದಾರ ಬಂದು ನನ್ನ ಪೆಟ್ಟಿಗೆ ಜಾಲಾಡಿದ. ಗೋಡೆಗೆ ಹಾಕಿದ್ದ ನಿನ್ನ ಮದುವೆ ಫೋಟೋ ತೆಗೆದುಕೊಂಡು ಹೋದ. ಅದರ ಹಿಂದೆ ಸ್ಟುಡಿಯೋದವನು ನಿಮ್ಮಿಬ್ಬರ ಹೆಸರು, ಕಲ್ಲೂರು ಎಂದು ಬರೆದಿದ್ದಾನೆ. ನಾಳೆಯೋ ನಾಡಿದ್ದೋ ಅದನ್ನು ಹಿಡಿದು ಶಾಲೆಗೆ ಬರುತ್ತಾರೆ. ತುದಿಯಲ್ಲಿ ಸೌಟು ಹಿಡಿದು ನಿಂತವನು ಯಾರು ಅಂತ ಕೇಳುತ್ತಾರೆ. ಅಡುಗೆಯವನು ಅನ್ನು, ಅವರ ಫೈಲಿನಲ್ಲೂ ಹಾಗೇ ಇದೆ. ಹೆಸರು ಗೊತ್ತಿಲ್ಲ ಅನ್ನು. ಅಳಬೇಡ ಮತ್ತೆ, ಅಡುಗೆಯವನ ಸುದ್ದಿಗೆ ಯಾರಾದರೂ ಅಳುತ್ತಾರೇನು? ಇನ್ನೂ ಒತ್ತಿ ಕೇಳಿದರೆ, ಬೇಳೆಗೆ ಎರಡು ಸಲ ಉಪ್ಪು ಹಾಕಿದ್ದ, ಅಷ್ಟೇ ನೆನಪು ಅನ್ನು.