ವರ್ಷಕ್ಕೆರಡು ತಿಂಗಳ ಸಿಪಾಯಿ

ಭಂಕೂರ
ಸೆಪ್ಟೆಂಬರ್ ೨೧, ೨೦೨೫

ಪ್ರೀತಿಯ ಭಾಗಣ್ಣಾ,

ನಿನ್ನ ತಂಗಿಯ ನಮಸ್ಕಾರ. ಅಲ್ಲಿ ಗುಡ್ಡದ ಮೇಲೆ ಚಳಿ ಶುರುವಾಗಿರಬೇಕು. ಮೊಣಕಾಲು ನೋವು ಹೇಗಿದೆ? ಅವ್ವ ಕಳಿಸಿದ ಶೇಂಗಾ ಹಿಂಡಿ ನಿನಗೆ ಮುಟ್ಟಿತೋ, ನಿನ್ನ ಪಲ್ಟಣದವರೇ ಮುಗಿಸಿದರೋ? ಇಲ್ಲಿ ಎಲ್ಲರೂ ಅರಾಮ ಇದ್ದೇವೆ. ಮಳೆಗೆ ತೊಗರಿ ಅರ್ಧ ಹೋಯಿತು, ಮನೆಗೆ ಮಾತ್ರ ನೀರು ಬರಲಿಲ್ಲ.

ಕಳೆದ ಸಲ ಫೋನಿನಲ್ಲಿ ನೀನು ನಮ್ಮವರ ಬಗ್ಗೆ ಅಂದದ್ದು ಮನಸ್ಸಿನಲ್ಲೇ ಕೂತಿದೆ. "ಅಣವೀರಗ ಹೇಳು, ಆ ಟೆರಿಟೋರಿಯಲ್ ಆರ್ಮಿ ಬಿಟ್ಟು ಕಲ್ಲಿನ ಮಷೀನ್ ನೋಡ್ಕೊಂಡು ಇರ್ಲಿ. ಮನ್ಯಾಗ ನಾ ಒಬ್ಬ ಸಿಪಾಯಿ ಸಾಕು" ಅಂದೆಯಲ್ಲ. ನಿನ್ನ ಕಾಳಜಿ ನನಗೆ ಗೊತ್ತು, ನನಗೂ ಅದೇ ಅಂಜಿಕೆ ಇತ್ತು. ಆದರೆ ಹೋದ ವಾರ ನಡೆದದ್ದನ್ನು ನೀನು ಕೇಳಬೇಕು.

ಕಾಗಿಣಾ ಹೊಳೆ ತುಂಬಿ, ಇವರ ಸೋದರತ್ತೆ ಸಾಬಮ್ಮನ ಓಣಿಗೆ ನೀರು ನುಗ್ಗಿತ್ತು. ಸುದ್ದಿ ಕೇಳಿ ಇಬ್ಬರೂ ಓಡಿದೆವು. ಮಿಲಿಟರಿಯವರು ಆಗಲೇ ರಬ್ಬರ್ ದೋಣಿ ಇಳಿಸಿದ್ದರು. ನಮ್ಮವರು ಲುಂಗಿಯಲ್ಲೇ ಸೆಟೆದು ನಿಂತು ಸೆಲ್ಯೂಟ್ ಹೊಡೆದರು; ಆ ಗಾಬರಿಯಲ್ಲೂ ನನಗೆ ನಗು ಬಂತು. ಯಾರೆಂದು ಸುಬೇದಾರರು ಕೇಳಿದರು. ವರ್ಷಕ್ಕೆ ಎರಡು ತಿಂಗಳು ತರಬೇತಿ, ಕರೆದಾಗ ಡ್ಯೂಟಿ, ಉಳಿದ ದಿನ ಶಹಾಬಾದದಲ್ಲಿ ಕಲ್ಲು ಪಾಲಿಶ್ ಎಂದು ಇವರು ಹೇಳಿದರು. ಸುಬೇದಾರರು ನಗಲಿಲ್ಲ ಅಣ್ಣಾ. "ಅಪನಾ ಹೀ ಆದ್ಮಿ ಹೈ", ನಮ್ಮವನೇ ಇವನು ಎಂದು ಲೈಫ್ ಜಾಕೆಟ್ ತೊಡಿಸಿ ದೋಣಿಯಲ್ಲಿ ಕೂರಿಸಿಕೊಂಡರು.

ದೋಣಿ ನಡೆಸುವುದು ಅವರ ಕೆಲಸ. ಯಾವ ಮನೆಯಲ್ಲಿ ಯಾರು ಉಳಿದಿದ್ದಾರೆ, ನೀರಿನಡಿ ಬಾವಿ ಎಲ್ಲಿದೆ ಎಂದು ತೋರಿಸುವುದು ಇವರ ಕೆಲಸ. ಮಾಳಿಗೆ ಹತ್ತಿ ಕುಳಿತಿದ್ದ ಸಾಬಮ್ಮತ್ತೆ ಮಾತ್ರ ಏಳಲೇ ಒಲ್ಲಳು. "ನನ್ನ ಎಮ್ಮಿ ಬಿಟ್ಟು ನಾ ಎಲ್ಲೂ ಬರಂಗಿಲ್ಲ!" ಇವರು ಎದೆಮಟ್ಟದ ನೀರಿಗಿಳಿದು ಎಮ್ಮೆಯ ಹಗ್ಗ ಕೊಯ್ದು ಕೂಗಿದರು: "ಎಮ್ಮಿಗ ಈಸಾಕ ಬರ್ತದ ಅತ್ತಿ, ನಿನಗ ಬರಂಗಿಲ್ಲ. ಇಳಿ ಇನ್ನ!" ಅಷ್ಟರಲ್ಲಿ ಕೊಟ್ಟಿಗೆಯ ಗೋಡೆ ಕುಸಿದು ಇವರು ನೀರಲ್ಲಿ ಮುಳುಗಿಬಿಟ್ಟರು. ದಂಡೆಯ ಮೇಲಿಂದ ನಾನು ಚೀರಿದೆ. ದೋಣಿಯಿಂದ ಜವಾನನೊಬ್ಬ ಜಿಗಿದು, ಜಾಕೆಟ್ ಹಿಡಿದು ಇವರನ್ನು ಎಳೆದ. ಆಮೇಲೆ ಇಬ್ಬರೂ ಸೇರಿ ಅತ್ತೆಯನ್ನು ಇಳಿಸಿದರು. ದೋಣಿ ದಂಡೆ ಮುಟ್ಟುವ ಮೊದಲೇ ಎಮ್ಮೆ ಬಂದು ಮೈ ಕೊಡವುತ್ತಿತ್ತು!

ಪೂರ್ತಿ ಸಿಪಾಯಿಯೋ ಅರ್ಧ ಸಿಪಾಯಿಯೋ ಎಂದು ಕೇಳಿಕೊಂಡು ಆ ಜವಾನ ಜಿಗಿಯಲಿಲ್ಲ. ಅಂದಿನಿಂದ ನನ್ನ ಅಂಜಿಕೆ ಹೋಗಿದೆ.

ಮೈ ಜೋಪಾನ. ಅವ್ವ ನಿನ್ನ ತಲೆ ನೇವರಿಸಿದೆನೆಂದು ಬರಿ ಅಂದಳು, ಬರೆದಿದ್ದೇನೆ.

ನಿನ್ನ ತಂಗಿ,
ಅಂಬುಜಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಮ್ಮವರಿಗೆ ಬಟಾಲಿಯನ್ನಿನಿಂದ ಕರೆ ಬಂತು. ಈ ಸಲ ತರಬೇತಿಗಲ್ಲ, ಗಡಿಗೆ. ದಸರಾ ಮುಗಿಸಿ ವಾಡಿಯಲ್ಲಿ ರೈಲು ಹತ್ತುತ್ತಾರೆ. "ಏನಂತಿ?" ಎಂದು ಕೇಳಿದರು. "ಹೋಗಿ ಬರ್ರಿ" ಎಂದೆ. ಅಣ್ಣಾ, ನೀನೂ ಒಂದು ಫೋನ್ ಮಾಡಿ ಅಷ್ಟೇ ಹೇಳು. ಇವರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ನಿನ್ನ ಮಾತಿಗೇ ಕಾಯಲಿಕತ್ತಾರೆ.