ಎದುರಾಡುವವರಿಗೆ ಮೊದಲ ಸರದಿ

ಅಪ್ಪಾ,

ನಿನ್ನನ್ನು ಮಣ್ಣು ಮಾಡಿ ನಾಲ್ಕು ತಿಂಗಳಾಯಿತು. ಆದರೂ ಇವತ್ತು ಬೆಳಿಗ್ಗೆ ರೇಡಿಯೊದಲ್ಲಿ ನನ್ನ ಕಾರ್ಯಕ್ರಮವನ್ನು ನೀನು ಕೇಳಬೇಕಿತ್ತು.

ಬಲಪಂಥೀಯರಾದ ನಮ್ಮೆಲ್ಲರ ಕಣ್ಮಣಿಯಾಗಿದ್ದ ನಾವೇ ಓಟು ಹಾಕಿ ಗೆಲ್ಲಿಸಿದ ಕೌಂಟಿ ಚುನಾವಣಾಧಿಕಾರಿ ಮತಪತ್ರ ತಿದ್ದಿದ್ದಾನೆಂದು ನಿನ್ನೆ ತೀರ್ಪು ಬಂತು. ನೀನು ನನಗೆ ಬಿಟ್ಟುಕೊಟ್ಟ ಮೈಕಿನ ಮುಂದೆ ಕೂತು, ಆ ತೀರ್ಪು ಕೊಟ್ಟ ಜ್ಯೂರಿಯ ಹನ್ನೆರಡು ಮಂದಿಯೂ ಕುರಿಗಳು ಎಂದು ಗುಡುಗಿದೆ.

ಕರೆಗಳನ್ನು ನೋಡಿಕೊಳ್ಳುವ ಆರ್ಲೋ ಗಾಜಿನಾಚೆಯಿಂದ ಹೇಳಿದ: "ವರ್ಲೀನ್ ಅಂತೆ, ಆ ಜ್ಯೂರೀಲಿ ಇದ್ದೋಳು. ನಿನ್ ಮೇಲೆ ಉರೀತಿದಾಳೆ. ಕೊನೇಗೆ ಹಾಕ್ಲಾ?"

"ಎದುರಾಡೋರಿಗೆ ಮೊದಲ ಸರದಿ. ಅಪ್ಪನ ಕಾನೂನು ಮರ್ತ್ಯಾ?"

"ನೋಡು ತಾಯಿ, ನಾನೂ ಅವನಿಗೇ ಓಟು ಹಾಕ್ದೋಳು," ಎಂದಳು ವರ್ಲೀನ್. "ಹನ್ನೊಂದು ದಿನ ಆ ಕುರ್ಚೀಲಿ ಕೂತು ಒಂದೊಂದು ಕಾಗದಾನೂ ನೋಡ್ದೆ. ಅಳ್ತಾನೇ ತಪ್ಪಿತಸ್ಥ ಅಂದೆ. ನೀನು ಒಂದು ದಿನಾನಾದ್ರೂ ಕೋರ್ಟಿಗೆ ಬಂದಿದ್ಯಾ?"

ಬಂದಿರಲಿಲ್ಲ ಎಂದು ಇಡೀ ಒಝಾರ್ಕ್ ಸೀಮೆಗೆ ಕೇಳುವಂತೆ ಒಪ್ಪಿಕೊಂಡೆ. ಕುರಿಗಳೆಂದ ಮಾತನ್ನು ಹಿಂತೆಗೆದುಕೊಂಡೆ. ಟ್ರ್ಯಾಕ್ಟರ್ ಜಾಹೀರಾತನ್ನು ತಡೆದು ಅವಳಿಗೆ ಏಳು ನಿಮಿಷ ಕೊಟ್ಟೆ. ನಿನ್ನ ಮಗಳೆಂದು ಇವತ್ತು ಎದೆಯುಬ್ಬಿಸಿ ಹೇಳಿಕೊಳ್ಳಬಲ್ಲೆ.

ನಿನ್ನ ಕಾನೂನನ್ನು ನಾನು ಮುರಿದದ್ದು ಒಂದೇ ಸಲ. ಹೋದ ನವೆಂಬರಿನಲ್ಲಿ, ಮತ ಎಣಿಕೆಯ ಮರುದಿನ, ಎಣಿಕೆಯಲ್ಲಿ ಮೋಸವೇ ಆಗಿಲ್ಲ ಎಂದು ನಾನು ವಾದಿಸುತ್ತಿದ್ದಾಗ ಆರ್ಲೋ ಮೆಲ್ಲಗೆ ಹೇಳಿದ: "ನಿಮ್ಮಪ್ಪ ಲೈನಲ್ಲಿದಾರೆ. ನೀನು ಹೇಳ್ತಿರೋದು ತಪ್ಪು ಅಂತಿದಾರೆ."

ಜಾಹೀರಾತು ಹಾಕು ಎಂದೆ.

ಕಾರ್ಯಕ್ರಮ ಮುಗಿಯುವವರೆಗೂ ನೀನು ಫೋನ್ ಇಡದೆ ಕಾದಿದ್ದೆಯಂತೆ.